ಒಬ್ಬರಿಗೊಂದು, ಗೇಟಿನ ತನಕ

ಮಕ್ಕಳ ಹೆಸರಿನ ಮೂವತ್ತೊಂದು ಚೀಟಿಗಳಲ್ಲಿ ಇಪ್ಪತ್ತಮೂರನೆಯದು ಎಡಕ್ಕೆ ಕೂದಲೆಳೆಯಷ್ಟು ವಾಲಿತ್ತು. ಕಿತ್ತು ಮತ್ತೆ ಅಂಟಿಸಿದೆ. ಅಂಟಿಸಿದ್ದು ಸ್ಲೇಟಿನ ಮೇಲೆ. ಆರನೇ ತರಗತಿಯವರಿಗೆ ಸ್ಲೇಟೇಕೆ ಎಂದು ನೀವು ಕೇಳುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಯೋಜನೆ ಹಾಕುವ ಚಟವಿದೆ. ಖುಷಿಯಾದರೆ ಕೆಲವರು ಹಾಡುತ್ತಾರೆ, ನಾನು ಕೋಷ್ಟಕ ಎಳೆಯುತ್ತೇನೆ. ಇನ್ನೊಂದು ಗುಣವೂ ಇದೆ. ನನ್ನ ವಸ್ತು ನನ್ನದಾಗಿಯೇ ಇರಬೇಕು. ನನ್ನ ಪೆನ್ನಿಗೂ ಹೆಸರಿನ ಚೀಟಿಯಿದೆ. 'ಒಂದ್ನಿಮಿಷ ಪೆನ್ನು' ಎನ್ನುವವರಿಗಾಗಿ ಬೇರೊಂದು ಪೆನ್ನು ಇಟ್ಟಿದ್ದೇನೆ. ಅದರ ಶಾಯಿ ಮುಗಿದು ವರ್ಷವಾಯಿತು.

ಇಂಥವಳ ಕೈಗೆ, ಸುಂಟಿಕೊಪ್ಪದಾಚೆಯ ನಮ್ಮ ಪುಟ್ಟ ಶಾಲೆಯಲ್ಲಿ ಮಗುವಿಗೊಂದರಂತೆ ಟ್ಯಾಬ್ಲೆಟ್ ಕೊಡುವ ಯೋಜನೆ ಬರೆಯುವ ಕೆಲಸ ಬಂತು. ನನ್ನ ಸಂಭ್ರಮ ಕೇಳಬೇಡಿ. ಒಂದೇ ವಾರದಲ್ಲಿ ಹದಿನಾಲ್ಕು ಕೋಷ್ಟಕಗಳಾದವು. ಕೊಡುವ ಟ್ರಸ್ಟಿನವರಿಗೆ ಮಾತ್ರ ಒಂದೇ ಪ್ರಶ್ನೆ: ಟ್ಯಾಬ್ಲೆಟ್ ಮಕ್ಕಳ ಜೊತೆ ಮನೆಗೆ ಹೋಗುತ್ತದೋ, ಶಾಲೆಯಲ್ಲೇ ಇರುತ್ತದೋ? ಮನೆಗೆ ಎಂದೆ ನಾನು. ಬೀರುವಿಗೆ ಎಂದರು ಹೆಡ್‌ಮಾಸ್ಟರ್. "ಬೀರುವಲ್ಲಿದ್ರೆ ಒಡೆಯಲ್ಲ ಮೇಡಂ." ನಿಜವೇ. ಹಿಂದೆಂದೋ ಬಂದ ಪ್ರೊಜೆಕ್ಟರ್ ಅದೇ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಕೂತಿದೆ. ಒಡೆದಿಲ್ಲ. ಅದರಲ್ಲಿ ಯಾರೂ ಏನನ್ನೂ ನೋಡಿಯೂ ಇಲ್ಲ. ಆದರೆ ಅವರ ಸಹಿಯಿಲ್ಲದೆ ಯೋಜನೆ ಕದಲದು. ಅವರನ್ನು ಒಪ್ಪಿಸದಿದ್ದರೆ ನನ್ನ ಮಕ್ಕಳ ಟ್ಯಾಬ್ಲೆಟ್ಟೂ ಪ್ರೊಜೆಕ್ಟರಿನ ಪಕ್ಕ ಹೋಗಿ ಕೂರುತ್ತದೆ.

ಹಾಗಾಗಿ ಸ್ಲೇಟಿನ ತಾಲೀಮು. ಒಂದು ದಿನದ ಮಟ್ಟಿಗೆ ಸ್ಲೇಟು ಮನೆಗೆ ಹೋಗಬೇಕು. ಮೂವತ್ತೊಂದೂ ಒಡೆಯದೆ ಬಂದರೆ, ಒಂದೊಂದರ ಮೇಲೂ ಆಯಾ ಮಗುವಿನ ಬರಹ ಮಾತ್ರ ಇದ್ದರೆ, ಹೆಡ್‌ಮಾಸ್ಟರರ ಸಹಿ. 'ಮಾತ್ರ' ಎಂಬ ಪದ ಸೇರಿಸಿದ್ದು ನಾನೇ. ಯೋಜನೆಯಲ್ಲೂ 'ಬೇರೆಯವರು ಮುಟ್ಟಬಾರದು' ಎಂದು ಒಂದು ಸಾಲು ಬರೆದಿದ್ದೆ.

"ಟೀಚರ್, ನಾವೆಂಥ ಒಂದನೇ ಕ್ಲಾಸಾ?" ಎಂದು ಎಸ್ಟೇಟ್ ಲೈನಿನ ಕೂಲಿಮನೆಗಳಿಂದ ಬರುವ ಸೆಲ್ವಿ ಮುಖ ಊದಿಸಿದಳು.

"ಇದು ಸ್ಲೇಟಲ್ಲ, ಟ್ಯಾಬು," ಎಂದೆ.

ಅಷ್ಟೇ ಸಾಕಾಯಿತು. ಐದು ನಿಮಿಷದಲ್ಲಿ ಇಡೀ ತರಗತಿ ಸ್ಲೇಟನ್ನು ಬೆರಳಿನಿಂದ ಸವರಿ ಪುಟ ತಿರುಗಿಸತೊಡಗಿತು.

ಬಿಸಿಯೂಟದ ಸೀತಕ್ಕ ಮೊಟ್ಟೆ ಸುಲಿಯುತ್ತ ಇದನ್ನೆಲ್ಲ ನೋಡುತ್ತಿದ್ದರು. "ಒಬ್ಬರಿಗೊಂದು ಅಂತ ಮನೆಗೆ ಕಳಿಸ್ತೀರಾ ಟೀಚರೇ? ನಾನು ಮೊಟ್ಟೆ ಇಲ್ಲೇ ಕೂರಿಸಿ ತಿನ್ನಿಸೋದು ಯಾಕೆ ಗೊತ್ತುಂಟಾ? ಬ್ಯಾಗಿಗೆ ಹೋದ್ರೆ ಮುಗೀತು. ತಂಗಿಗೊಂದು ತುಂಡು, ಅಜ್ಜಿಗೊಂದು ತುಂಡು. ಒಬ್ಬರಿಗೊಂದು ಅನ್ನೋದೆಲ್ಲ ಗೇಟಿನ ತನಕ."

"ಸ್ಲೇಟು ಮೊಟ್ಟೆಯಲ್ಲ ಸೀತಕ್ಕ," ಎಂದು ನಕ್ಕೆ. ವಿಶ್ವವಿದ್ಯಾಲಯದಲ್ಲಿ ಓದಿದವಳ ನಗು ಅದು.

ಮರುದಿನ ಬೆಳಿಗ್ಗೆ ಹೆಡ್‌ಮಾಸ್ಟರರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಎಣಿಸಿದೆ. ಮೂವತ್ತೊಂದು! ಒಂದೂ ಒಡೆದಿರಲಿಲ್ಲ. ಆಸಿಫನ ಸ್ಲೇಟು ಮಾತ್ರ ಖಾಲಿ. "ಚಾರ್ಜ್ ಇರ್ಲಿಲ್ಲ ಟೀಚರ್," ಎಂದ. ತಾಲೀಮು ಇಷ್ಟು ನೈಜವಾದೀತೆಂದು ನಾನೂ ಎಣಿಸಿರಲಿಲ್ಲ. ಆದರೆ ಉಳಿದವು? ಒಂದರಲ್ಲಿ ತಮ್ಮನ ಬೆಕ್ಕು. ಇನ್ನೊಂದರಲ್ಲಿ ಲೆಕ್ಕ ತಪ್ಪೆಂದು ಅಜ್ಜ ಎಳೆದ ಗೀಟು. ಸೆಲ್ವಿಯ ಸ್ಲೇಟಿನ ಕೆಳಭಾಗದಲ್ಲಿ ನಡುಗುವ ಅಕ್ಷರಗಳಲ್ಲಿ ಮೂರು ಸಲ 'ಮಾರಿಯಮ್ಮ'.

"ಅಮ್ಮಂದು ಟೀಚರ್. ಹೆಸರು ಬರಿಯೋಕೆ ನಾನೇ ಹೇಳಿಕೊಟ್ಟೆ. ಮೂರನೇದು ನೋಡಿ, ಸರಿ ಉಂಟು."

"ಮಾತ್ರ ಅಂದಿದ್ರಲ್ಲ ಮೇಡಂ?" ಎಂದರು ಹೆಡ್‌ಮಾಸ್ಟರ್.

ಯೋಜನೆಯ ಪ್ರತಿ ತೆಗೆದು, 'ಬೇರೆಯವರು ಮುಟ್ಟಬಾರದು' ಎಂಬ ಸಾಲನ್ನು ಹೊಡೆದುಹಾಕಿದೆ. ಸ್ಕೇಲು ಇಟ್ಟೇ ಹೊಡೆದೆ, ಸ್ವಭಾವ ಎಲ್ಲಿ ಹೋಗುತ್ತದೆ? "ನಿಯಮ ತಪ್ಪಿತ್ತು ಸರ್, ಮಕ್ಕಳಲ್ಲ. ಬೀರುವಿನಲ್ಲಿದ್ದಿದ್ದರೆ ಇವಳಮ್ಮ ಈ ಹೆಸರನ್ನ ಎಲ್ಲಿ ಬರೀತಿದ್ರು?"

ಅವರು ಮೂರನೆಯ ಮಾರಿಯಮ್ಮನನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಜೇಬು ತಡಕಿದರು. "ಒಂದ್ನಿಮಿಷ ಪೆನ್ನು."

ಅಭ್ಯಾಸಬಲದಿಂದ ಕೈ ಶಾಯಿಯಿಲ್ಲದ ಪೆನ್ನಿಗೇ ಹೋಯಿತು. ಅದನ್ನು ಒಳಗಿಟ್ಟು, ಹೆಸರಿನ ಚೀಟಿಯಿದ್ದ ನನ್ನದನ್ನೇ ಕೊಟ್ಟೆ. ಸಹಿ ಹಾಕಿದರು. ಕಾಗದವನ್ನು ತಾವೇ ಟ್ರಸ್ಟಿಗೆ ಮುಟ್ಟಿಸುವುದಾಗಿ, ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ನನ್ನ ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ವಾಪಸ್ ಕೇಳಲೆಂದು ಹಿಂದೆಯೇ ಹೋದೆ, ಗೇಟಿನ ತನಕ.