ಮೊಂಡುನೆತ್ತಿ, ಚೂಪುನೆತ್ತಿ

ಕೂಡ್ಲಿಗಿಯ ಹಿಟ್ಟಿನ ಗಿರಣಿಯ ಹುಲುಗೇಶನಿಗೆ ಅಣಬೆ ಎಂದರೆ ಪ್ರಾಣ. ಆದರೆ ಅವನ ಓಣಿಯಲ್ಲಿ ಗುಡ್ಡದಿಂದ ಏನು ತಂದರೂ ಮನೆಗೊಂದು ಬಟ್ಟಲು ಹಂಚುವುದು ರೂಢಿ. ಹೋದ ವರ್ಷ ಹಂಚಿ ಹಂಚಿ ಅವನಿಗೆ ಬರೀ ಸಾರು ಉಳಿದಿತ್ತು.

ಈ ಸಲ ಹುತ್ತದ ಬುಡದಲ್ಲಿ ಎರಡು ಜಾತಿಯವು ಸಿಕ್ಕವು. ಎರಡಕ್ಕೂ ಹುತ್ತದೊಳಗೆ ಇಳಿದ ಉದ್ದ ಬೇರು, ಒಂದೇ ವಾಸನೆ. ಒಂದರ ನೆತ್ತಿ ಚೂಪು, ಇನ್ನೊಂದರದು ಕಪ್ಪಗೆ ಮೊಂಡು. ಎರಡನ್ನೂ ತಿಂದೇ ಬೆಳೆದವನಿಗೆ ಈ ವ್ಯತ್ಯಾಸ ಹಿಂದೆಂದೂ ಇಷ್ಟು ಚೆಂದ ಕಂಡಿರಲಿಲ್ಲ.

ಬುಟ್ಟಿ ಇಳಿಸುವ ಮೊದಲೇ ಎದುರುಮನೆಯ ಜಂಬಕ್ಕ ಹಾಜರಾದಳು. ಹುಲುಗೇಶ ಅವಳಿಗೊಂದು ಬಟ್ಟಲು ತುಂಬಿಕೊಟ್ಟ.

"ಚೂಪಂದು ಒಯ್ಯಿ ಜಂಬಕ್ಕ. ಈ ಮೊಂಡಂದು ನೋಡಾಕ ಅದರ ತಮ್ಮ ಇದ್ದಂಗ ಐತಿ, ಆದ್ರ ಬರೀ ವಿಷ. ಹೂಳಿ ಬರ್ತೀನಿ."

"ಯಪ್ಪಾ! ಆಳಕ್ಕ ಹೂಳೋ, ನಾಯಿ ಕೆದರೀತು."

ಚೂಪಿನವು ಓಣಿಗೆಲ್ಲ ಹಂಚಿಹೋದವು. ಮೊಂಡಿನವು ಮಧ್ಯಾಹ್ನ ಹೆಂಡತಿ ನಾಗರತ್ನಳ ಬೋಗುಣಿಯಲ್ಲಿ ಕುದಿದವು. ಗಂಡನ ಜಾಣತನದಲ್ಲಿ ಅವಳೂ ಪಾಲುದಾರಳು.

ಹುಲುಗೇಶ ಮೊದಲ ತುತ್ತು ನುಂಗಿದ್ದನಷ್ಟೆ. ಬಟ್ಟಲನ್ನು ಖಾಲಿ ಮರಳಿಸಬಾರದೆಂದು ರೊಟ್ಟಿ ಇಟ್ಟುಕೊಂಡು ಜಂಬಕ್ಕ ಒಳಗೆ ಬಂದಳು. ತಟ್ಟೆಯಲ್ಲಿ ಕಪ್ಪು ನೆತ್ತಿಗಳಿದ್ದವು.

"ಬರ್ರೋ! ಹುಲುಗೇಶ ವಿಷ ತಿಂದಾನ!"

"ನೋಡದ ಹಾಕಿಬಿಟ್ಟೆ ಜಂಬಕ್ಕ," ಎಂದು ನಾಗರತ್ನ ಅಳು ತಂದುಕೊಂಡಳು.

"ಹೊಟ್ಟಿ ತಿರುವ್ತತೇನೋ?"

ಇಲ್ಲವೆಂದರೆ ವಿಷದ ಮಾತು ಸುಳ್ಳಾಗಿ ಮಾನ ಹೋಗುತ್ತದೆ. "ತಿರುವ್ತೈತಿ," ಎಂದ ಹುಲುಗೇಶ. ಓಣಿಯವರು ಅವನನ್ನು ಕೆಡವಿ ಎರಡು ಚೊಂಬು ಉಪ್ಪುನೀರು ಕುಡಿಸಿದರು. ರಹಿಮಾನನ ಆಟೋ ದವಾಖಾನೆ ಮುಟ್ಟುವವರೆಗೂ ಅವನ ವಾಂತಿ ನಿಲ್ಲಲಿಲ್ಲ.

ಜಂಬಕ್ಕ ಬೋಗುಣಿಯನ್ನೂ ಉಳಿದ ಹಸಿ ಅಣಬೆಯನ್ನೂ ಹೊತ್ತು ತಂದಿದ್ದಳು. ಡಾಕ್ಟರ್ ಮೆಹರೀನ್ ಅವರು ಅಣಬೆ ಗುರುತಿಸಲು ಅರಣ್ಯ ಇಲಾಖೆಯ ಹಳೆಯ ಕಾವಲುಗಾರ ಓಬಳೇಶನನ್ನು ಕರೆಸಿದರು. ಅವನು ಬೇರು, ನೆತ್ತಿ ತಿರುಗಿಸಿ ನೋಡಿದ.

"ಇದಕ್ಕ ವಿಷ ಅಂದೋರು ಯಾರ್ರಿ? ಚೂಪಂದಕ್ಕಿಂತ ಇದ ರುಚಿ."

"ಹಂಗಾದ್ರ ಇವರಿಗ್ಯಾಕ ಹಿಂಗಾತು? ಉಪ್ಪುನೀರು ಕುಡಿಸಿದ ಮ್ಯಾಲ ಶುರುವಾತೇನು?" ಡಾಕ್ಟರು ಕೇಳಿದರು.

"ಇಲ್ರೀ, ಮೊದಲ ತುತ್ತಿಗೇ ಹೊಟ್ಟಿ ತಿರುವಿತಂತ. ಅವನ ಬಾಯಿಲೇ ಕೇಳೀನಿ," ಎಂದಳು ಜಂಬಕ್ಕ.

ಹುಲುಗೇಶ ಹೌದೆಂದು ತಲೆಯಾಡಿಸಿದ.

"ನಿಮ್ಮ ಮೈಗೆ ಅಣಬಿ ಆಗಂಗಿಲ್ರಿ. ಇನ್ನ ಜನ್ಮದಾಗ ಮುಟ್ಟಬ್ಯಾಡ್ರಿ," ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ನಾಗರತ್ನ ಅದನ್ನು ಜೋಪಾನವಾಗಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಕೆಡಿಸುವುದೇಕೆಂದು ಓಣಿಯವರು ದವಾಖಾನೆಯ ಕಟ್ಟೆಯ ಮೇಲೆ ಬೋಗುಣಿ ಇಟ್ಟುಕೊಂಡು ಕುಳಿತರು. ವಾಸನೆ ಕಿಟಕಿಯಿಂದ ನೇರ ಮಂಚಕ್ಕೇ ಬಂತು.

"ನಂಗೂ ಒಂದು ತುತ್ತು," ಎಂದ ಹುಲುಗೇಶ, ಗ್ಲೂಕೋಸ್ ಬಾಟಲಿಯ ಕೆಳಗಿನಿಂದ.

"ಡಾಕ್ಟರು ಹೇಳಿದ್ದು ಕೇಳಿಸಲಿಲ್ಲೇನ್ರಿ?" ಬಾಯಲ್ಲಿದ್ದುದನ್ನು ನುಂಗಿ ಗದರಿದವಳು ನಾಗರತ್ನ.