ಎಂಟೂಕಾಲಕ್ಕೆ ನಾಲ್ಕು ರಸ್ತೆ ದಾಟಿದ್ದು

ತಿ. ನರಸೀಪುರದ ನಮ್ಮ ಬಡಾವಣೆಯಲ್ಲಿ ನಾಲ್ಕು ರಸ್ತೆ ಕೂಡುವ ಜಾಗವೊಂದಿದೆ. ಅಲ್ಲಿ ಏನೂ ನಡೆಯಲಿಲ್ಲ ಎಂದರೆ ಅವತ್ತು ಊರೇ ಬಂದ್ ಆಗಿರಬೇಕು. ನಾನು ನಂಜನಗೂಡಿನ ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕಡತ ನೋಡುವವನು. ಹಗಲೆಲ್ಲ ಜಜ್ಜಿಹೋದ ಬೈಕುಗಳ ಫೋಟೋ ನೋಡುತ್ತೇನೆ. ಬೆಳಿಗ್ಗೆ ಎಂಟೂಕಾಲಕ್ಕೆ ಏಳು ವರ್ಷದ ಮಗಳ ಕೈ ಹಿಡಿದು, ಇನ್ನೂ ಜಜ್ಜಿಹೋಗದ ಬೈಕುಗಳ ನಡುವೆ ದಾಟುತ್ತೇನೆ. ಅವಳ ಸ್ಕೂಲ್ ವ್ಯಾನು ನಿಲ್ಲುವುದು ಆಚೆ ಬದಿಯಲ್ಲಿ. ಆಫೀಸಿನಲ್ಲಿ ನಾನು ಯಾರಿಗೂ ಹೆದರದ ಮನುಷ್ಯನೆಂದು ಹೆಸರು. ಅವರು ಯಾರೂ ನನ್ನನ್ನು ಎಂಟೂಕಾಲಕ್ಕೆ ನೋಡಿಲ್ಲ.

ಕನ್ನಡಿ

ತಿರುವಿನಲ್ಲಿ ಬರುವ ಗಾಡಿ ಕಾಣುವುದಿಲ್ಲವೆಂದು ನಿವಾಸಿಗಳೆಲ್ಲ ಸೇರಿ ಮೂಲೆಯ ಕಂಬಕ್ಕೆ ಒಂದು ಉಬ್ಬುಗನ್ನಡಿ ಹಾಕಿಸಿದೆವು. ಎಷ್ಟು ಎತ್ತರ, ಯಾವ ಓರೆ ಎಂದು ನಾನೇ ಟೇಪ್ ಹಿಡಿದು ಅಳೆದಿದ್ದೆ. ಮಾರನೇ ದಿನ ನೋಡಿದರೆ ಬೈಕಿನವನೊಬ್ಬ ರಸ್ತೆಯ ನಟ್ಟನಡುವೆ ನಿಂತು, ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದಾನೆ. ಹಿಂದಿನಿಂದ ಹಾಲಿನ ಟೆಂಪೊ ಬರುತ್ತಿದೆ. ನಾನು ಕೂಗಿದೆ:

"ಏನಯ್ಯಾ ಇದು? ಸಾಯಬೇಕೂಂತಿದ್ದೀಯಾ?"

"ಬನ್ನೂರ್‌ಗೆ ಎಣ್ ನೋಡಕ್ ಓಯ್ತಾವ್ನಿ ಸಾ."

"ಅದು ಗಾಡಿ ಬರೋದು ನೋಡೋಕೆ ಹಾಕಿಸಿರೋ ಕನ್ನಡಿ!"

ಅವನು ಬಾಚಣಿಗೆ ಜೇಬಿಗಿಟ್ಟುಕೊಂಡ. "ಅದ್ಕೇಯಾ! ಮೂಗೆಲ್ಲ ದಪ್ಪ ಕಾಣ್ತದೆ. ನೆಟ್ಟಗಿರೋದ್ ಒಂದ್ ಆಕ್ಸಿ ಸಾ, ಪುಣ್ಯ ಬತ್ತದೆ."

ಹಂಪ್

ಆಮೇಲೆ ಹಂಪ್‌ಗೆ ಹಟ ಹಿಡಿದೆ. ಪುರಸಭೆಗೆ ಅರ್ಜಿ ಮೇಲೆ ಅರ್ಜಿ. ಮೊದಲನೆಯದನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ನನ್ನ ಕಾನ್ವೆಂಟಿನ ಮೇಷ್ಟ್ರು ಕಂಡಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದರು. ಉತ್ತರ ಬಂದದ್ದು ಕನ್ನಡದಲ್ಲಿ ಬರೆದ ಐದನೆಯದಕ್ಕೆ.

ಹಂಪ್ ಬಂತು. ಆದರೆ ಮೇಸ್ತ್ರಿ ರಸ್ತೆಯ ಅಂಚಿನಲ್ಲಿ, ಚರಂಡಿ ಪಕ್ಕ, ಒಂದು ಮೊಳ ಜಾಗ ಬಿಟ್ಟಿದ್ದ. ನನ್ನ ಮಗಳು ನಿಂತು ಕಾಯುವುದು ಸರಿಯಾಗಿ ಅಲ್ಲೇ. ಬೈಕುಗಳೆಲ್ಲ ಹಂಪ್ ತಪ್ಪಿಸಿಕೊಂಡು ಆ ಸಂದಿಯಲ್ಲೇ ನುಗ್ಗತೊಡಗಿದವು.

"ಇದ್ಯಾಕ್ರೀ ಬಿಟ್ಟಿದ್ದು?" ಎಂದೆ.

"ಬೈಕ್‌ನೋರ್ ಎಲ್ಲಿಗ್ ಓಗ್ಬೇಕ್ ಸಾ, ಪಾಪ. ಅವ್ರಿಗೂ ಒಸಿ ಜಾಗ ಬುಟ್ಟಿವ್ನಿ."

"ಹಾಗಾದ್ರೆ ನನ್ನ ಮಗು ಎಲ್ಲಿ ನಿಂತ್ಕೋಬೇಕು?"

ಅವನು ಬೀಡಿ ಬಾಯಿಂದ ತೆಗೆದು ನಿಜವಾಗಿಯೂ ಯೋಚಿಸಿದ. "ಅಂಪ್ ಮ್ಯಾಲೇ ನಿಲ್ಸಿ ಸಾ. ಅಲ್ಗೆ ಯಾವ್ ಗಾಡೀನೂ ಬರಕಿಲ್ಲ."

ಕೈ ಎತ್ತಿದ್ದು

ಇನ್ನು ಯಾರನ್ನೂ ನಂಬುವುದಿಲ್ಲವೆಂದು ನಾನೇ ರಸ್ತೆಯ ನಡುವೆ ನಿಂತು ಕೈ ಎತ್ತಿದೆ. ಕಬ್ಬಿನ ಟ್ರ್ಯಾಕ್ಟರೊಂದು ಮೂಗಿನ ಮುಂದೆ ಬಂದು ನಿಂತಿತು. ಗೆದ್ದೆ ಎಂದುಕೊಂಡೆ.

ಡ್ರೈವರ್ ಬಗ್ಗಿ ಕೂಗಿದ: "ಬಸ್ ತಪ್ಪೋಯ್ತಾ ಸಾ? ಕಬ್ಬಿನ್ ಮ್ಯಾಲ್ ಕೂತ್ಕಳಿ. ಬಿರ್ನೆ ಅತ್ತಿ, ಇಂದ್ಗಡೆ ಜನ ಕಾಯ್ತಾವ್ರೆ!"

ಕುಂಬಳಕಾಯಿ

ಅಮಾವಾಸ್ಯೆಯ ಮಾರನೇ ಬೆಳಿಗ್ಗೆ ಯಾರೋ ದೃಷ್ಟಿ ತೆಗೆದು, ಒಡೆದ ಬೂದುಗುಂಬಳ, ಕುಂಕುಮ, ನಾಲ್ಕು ನಿಂಬೆಹಣ್ಣು ರಸ್ತೆಯ ನಡುವೆ ಹಾಕಿ ಹೋಗಿದ್ದರು. ತುಳಿದವರಿಗೆ ಅದು ಅಂಟಿಕೊಳ್ಳುತ್ತದೆಂದು ಜನರ ಭಯ. ಎಲ್ಲ ಗಾಡಿಗಳೂ ಸರ್ರನೆ ಅಂಚಿಗೆ ಹೊರಳುತ್ತಿದ್ದವು. ಒಂದು ಬೈಕಿನ ಹ್ಯಾಂಡಲ್ ನನ್ನ ಮಗಳ ಬ್ಯಾಗನ್ನು ಸವರಿಕೊಂಡೇ ಹೋಯಿತು. ಅವಳು ಅಳಲೂ ಇಲ್ಲ, ನನ್ನ ಕೈ ಹಿಡಿದು ಮರಗಟ್ಟಿ ನಿಂತಳು. ಕಚೇರಿಯ ಫೋಟೋಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು.

ನನಗೆ ಅಂಥ ನಂಬಿಕೆಗಳಿಲ್ಲ. ನಡೆದುಹೋಗಿ ಆ ಹೋಳುಗಳನ್ನೂ ನಿಂಬೆಹಣ್ಣನ್ನೂ ಬರಿಗೈಲಿ ಬಾಚಿಕೊಂಡೆ.

"ಅಯ್ಯೋ ಬುಟ್ಬುಡಿ ಸಾ! ಮುಟ್ಬ್ಯಾಡಿ!" ಮೂಲೆಯ ಆಟೋದವನು ಕಿರುಚಿದ.

ನಾಲ್ಕೂ ಕಡೆ ಗಾಡಿಗಳು ನಿಂತವು. ಹಾರ್ನ್ ಸಹ ಇಲ್ಲ. ಒಂದು ಬಸ್ಸು ಹಿಂದಕ್ಕೇ ಸರಿಯಿತು. ಆ ನಿಶ್ಶಬ್ದದಲ್ಲಿ ನಾನೂ ಮಗಳೂ ರಸ್ತೆ ದಾಟಿದೆವು.

ಮಾರನೇ ದಿನವೂ ನನ್ನನ್ನು ಕಂಡೊಡನೆ ಎಲ್ಲರೂ ದೂರದಲ್ಲೇ ಬ್ರೇಕ್ ಹಾಕಿದರು. ನನಗೆ ಅಂಟಿದ್ದು ತಮಗೂ ಅಂಟೀತೆಂದು ದಿಗಿಲು. ಬೀದಿಯ ಮಕ್ಕಳೆಲ್ಲ ನನ್ನ ಹಿಂದೆ ಸಾಲಾಗಿ ದಾಟತೊಡಗಿದವು. ಒಂದು ವಾರ ಸುಖವಾಗಿ ಕಳೆಯಿತು. ಆಟೋದವನು ಮಾತ್ರ ದಿನಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳುತ್ತಿದ್ದ: "ಇನ್ನೂ ಏನೂ ಆಗ್ನಿಲ್ವಾ ಸಾ?"

ಎಂಟನೇ ದಿನ ಒಬ್ಬ ನಿಲ್ಲಿಸದೆ ನುಗ್ಗಿದ. ಒಂಬತ್ತನೇ ದಿನ ಮೂವರು. ನಾನು ಗಟ್ಟಿಮುಟ್ಟಾಗಿದ್ದದ್ದೇ ತಪ್ಪಾಯಿತು.

ಪಕ್ಕದ ಮನೆಯಾಕೆ ತನ್ನಿಬ್ಬರು ಮಕ್ಕಳೊಂದಿಗೆ ಬಂದು ಕೈ ಮುಗಿದರು. "ಅಣ್ಣಾ, ನೀವು ಇಷ್ಟು ಚೆನ್ನಾಗಿದ್ರೆ ಯಾರ್ ನಿಲ್ಸ್ತಾರೆ? ಮಕ್ಳ ಜೀವ ಅಣ್ಣಾ. ಒಸಿ ಕುಂಟ್ಕೊಂಡ್ ದಾಟಿ."

ರಜೆಯ ಚೀಟಿಯಲ್ಲಿ ಕೂಡ ಸುಳ್ಳು ಜ್ವರ ಬರೆದವನಲ್ಲ ನಾನು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಂಟೂಕಾಲಕ್ಕೆ ಕುಂಟಿದೆ. ಆಟೋದವನು "ನೋಡ್ದ್ರಾ, ನಾನ್ ಏಳ್ನಿಲ್ವಾ!" ಎಂದು ಎಲ್ಲರಿಗೂ ಸಾರಿದ. ನಾಲ್ಕೂ ರಸ್ತೆ ಗಪ್‌ಚುಪ್ ನಿಂತಿತು.

ಅದರ ಮಾರನೇ ದಿನವೂ ಗಂಭೀರವಾಗಿ ಕುಂಟುತ್ತ ರಸ್ತೆಯ ಅರ್ಧಕ್ಕೆ ಬಂದಿದ್ದೆ. ಮಗಳು ನನ್ನ ಕೈ ಜಗ್ಗಿ, ಮೆಲ್ಲಗೆ, ಗಾಬರಿಯಿಂದ ಹೇಳಿದಳು:

"ಅಪ್ಪಾ, ನಿನ್ನೆ ಎಡಗಾಲು!"