ಗಾಜಿಗೆ ಗಂಜಿ

ಗಂಡ ಹೆಂಡಿರ ನಡುವೆ ಕೆಸರೆರಚಾಟ ಯಾವ ಮನೆಯಲ್ಲಿಲ್ಲ ಹೇಳಿ. ಆದರೆ ನಿಜವಾದ ಕೆಸರಿನ ವಿಚಾರಕ್ಕೇ, ಅಂದರೆ ರಸ್ತೆಗುಂಡಿಯಿಂದ ಎದ್ದು ಪಿಕಪ್ ಗಾಡಿಯ ಮುಂದಿನ ಗಾಜಿಗೆ ರಾಚುವ ಅಸಲಿ ಕೆಸರುನೀರಿನ ವಿಚಾರಕ್ಕೇ, ಆರು ತಿಂಗಳು ಬಿಡುವಿಲ್ಲದೆ ಜಗಳವಾಡಿದ ದಂಪತಿ ಎಂದರೆ ಆ ಲಾಂಡ್ರಿಯವರೊಬ್ಬರೇ.

ಲಾಂಡ್ರಿ ಹೆಂಡತಿಯದು, ಗಾಡಿ ಗಂಡನದು. ಮನೆಯ ಮುಂದಿನ ಉದ್ದ ಕೋಣೆಯಲ್ಲಿ ಎರಡು ದೊಡ್ಡ ಮೆಷಿನ್ನು, ಒಂದು ಗಂಜಿ ಬಕೆಟ್ಟು, ಮಂಚದಷ್ಟು ಅಗಲದ ಇಸ್ತ್ರಿ ಮೇಜು ಇಟ್ಟುಕೊಂಡು ಅವಳು ಊರಿನ ಕೊಳೆಯನ್ನೆಲ್ಲ ತೆಗೆಯುತ್ತಿದ್ದಳು. ಮಡಿಸಿದ ಬಟ್ಟೆಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೋಗಿ ಕೊಟ್ಟು ಬರುವುದು ಅವನ ಕೆಲಸ. ಇಷ್ಟಕ್ಕೆ ಬೇರೆಯವರಾದರೆ ಡ್ರೈವರ್ ಎನ್ನಿಸಿಕೊಂಡು ಸುಮ್ಮನಿರುತ್ತಿದ್ದರು. ಇವನು ಮಾತ್ರ ತನ್ನನ್ನು ಸಾರಥಿ ಎಂದು ಕರೆದುಕೊಂಡ. ಎಷ್ಟು ಸಲ ಕರೆದುಕೊಂಡನೆಂದರೆ ಬೀದಿಯವರೂ ಬೇಸತ್ತು ಅದನ್ನೇ ಅಡ್ಡಹೆಸರು ಮಾಡಿಬಿಟ್ಟರು. (ಅದು ಗೇಲಿ ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ನಂಬುತ್ತಿರಲಿಲ್ಲ.)

ಜಗಳ ಹುಟ್ಟಿದ್ದು ಹೆಂಡತಿಯ ಲೈಸೆನ್ಸಿನಿಂದ. ಬೆಳಗಿನ ಹೊತ್ತು ಡ್ರೈವಿಂಗ್ ಶಾಲೆಗೆ ಹೋಗಿ ಕಲಿತು, ಮೊದಲ ಪರೀಕ್ಷೆಯಲ್ಲೇ ಪಾಸಾಗಿ, ಕಾರ್ಡು ತಂದು ಅವಳು ಮೇಜಿನ ಮೇಲಿಟ್ಟಳು. ಸಾರಥಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದ. ಅಷ್ಟೇ. ಸಾರಥಿಯಾದರೋ ಮೂರನೆಯ ಸಲಕ್ಕೆ ಪಾಸಾದವನು. ಈ ಸಂಗತಿ ಅವನ ತಾಯಿಯೊಬ್ಬಳಿಗೇ ಗೊತ್ತಿತ್ತು, ಅಂದರೆ ಬೀದಿಗೆಲ್ಲ ಗೊತ್ತಿತ್ತು. ಅಂದಿನಿಂದ ಆ ಕಾರ್ಡು ಗಿರಾಕಿಗಳ ಅಂಗಿಯಿಂದ ಉದುರಿದ ಗುಂಡಿಗಳನ್ನು ಕೂಡಿಡುವ ತಗಡಿನ ಡಬ್ಬಿಯಲ್ಲಿ, ಗುಂಡಿಗಳ ನಡುವೆ ತಾನೂ ಒಂದು ಗುಂಡಿಯಂತೆ ಬಿದ್ದಿತ್ತು.

"ರೀ, ಇವತ್ತು ನಾನು ಓಡಿಸ್ಲಾ?" ಎಂದು ಅವಳು ವಾರಕ್ಕೊಮ್ಮೆಯಾದರೂ ಕೇಳುವಳು.

"ಈಗ ಮಳೆಗಾಲ. ಬೇಸಿಗೇಲಿ ನೋಡೋಣ."

"ಬೇಸಿಗೇಲಿ ಕೇಳ್ದಾಗ ಧೂಳು ಅಂದ್ರಿ."

"ಧೂಳಿನ ಮಾತು ಬಿಡು. ಗುಂಡಿ ನೀರು ಗಾಜಿಗೆ ರಾಚ್ತು ಅಂತಿಟ್ಕೋ. ಕಣ್ಣು ಮಿಟುಕಿಸೋದ್ರಲ್ಲಿ ಎದುರಿಗೆ ಏನೂ ಕಾಣಲ್ಲ. ಆಗ ಏನ್ಮಾಡ್ತೀಯ?"

"ಆಕ್ಸಿಲರೇಟರಿಂದ ಕಾಲು ಸಡಿಲ ಬಿಡ್ತೀನಿ, ವೈಪರ್ ಹಾಕ್ತೀನಿ."

ಆಗ ಸಾರಥಿ ನಗುತ್ತಿದ್ದ. ಎಲ್ಲವನ್ನೂ ಬಲ್ಲವನು ಏನನ್ನೂ ಅರಿಯದವರ ಮೇಲೆ ಕರುಣೆಯಿಂದ ನಗುವ ನಗು ಅದು. ಆ ನಗುವಿಗೇ ಅರ್ಧ ಜಗಳ ಹತ್ತಿಕೊಳ್ಳುತ್ತಿತ್ತು. ಆಮೇಲೆ ತನ್ನ ರಾಚುನೀರಿನ ಶಾಸ್ತ್ರವನ್ನು ಬಿಚ್ಚುವನು. ಅದರ ಪ್ರಕಾರ ಕೆಸರು ರಾಚಿದೊಡನೆ ಸ್ಟೇರಿಂಗನ್ನು ನೆಟ್ಟಗೆ ಹಿಡಿದು, ಗಂಭೀರವಾಗಿ ಒಂದು, ಎರಡು, ಮೂರು ಎಂದು ಎಣಿಸಬೇಕು. ಮೂರು ಮುಗಿಯುವಷ್ಟರಲ್ಲಿ ನೀರು ತಾನಾಗಿ ಇಳಿದು ಗಾಜು ತಿಳಿಯಾಗುತ್ತದೆ. ವೈಪರ್ ಏನಿದ್ದರೂ ಪುಕ್ಕಲರಿಗೆ. ಇನ್ನು ಶಾಸ್ತ್ರದ ಬಹುಮುಖ್ಯ ಭಾಗ: ಎಣಿಕೆ ಮುಗಿಯುವ ತನಕ ಪಕ್ಕದ ಸೀಟಿನವರು ತುಟಿ ಬಿಚ್ಚಕೂಡದು.

"ಅದ್ಯಾಕೆ?"

"ಎಣಿಕೆ ತಪ್ಪುತ್ತೆ. ಎಣಿಕೆ ತಪ್ಪಿದ್ರೆ ಗಾಡಿ ತಪ್ಪುತ್ತೆ."

"ಮೂರರ ತನಕ ಎಣಿಸೋಕೆ ಇಷ್ಟು ನಿಶ್ಶಬ್ದ ಬೇಕಾ ನಿನಗೆ?" ಎಂದು ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕುಳಿತ ತಾಯಿ ಕೇಳುವಳು. ಈ ಅತ್ತೆಗೆ ಸೊಸೆಯ ಮೇಲೆ ವಿಶೇಷ ಪ್ರೀತಿಯಿತ್ತೆಂದಲ್ಲ. ಮಗನನ್ನು ಅವಳಿಗಿಂತ ಹೆಚ್ಚು ವರ್ಷದಿಂದ ಬಲ್ಲವಳು, ಅಷ್ಟೆ.

ಹೀಗಿರುವಾಗ ಲಾಂಡ್ರಿಗೆ ಒಂದು ದೊಡ್ಡ ಕೆಲಸ ಬಂತು. ಊರಾಚೆಯ ಆಸ್ಪತ್ರೆಯ ಬಟ್ಟೆಬರೆಯ ಉಸ್ತುವಾರಿ ನೋಡುವ ದೊಡ್ಡ ನರ್ಸಮ್ಮ ನೂರಿಪ್ಪತ್ತು ಹಾಸಿಗೆ ಶೀಟುಗಳನ್ನು ಕಳಿಸಿ, "ಗುರುವಾರ ಬೆಳಿಗ್ಗೆ ಹತ್ತಕ್ಕೆ ತಂದುಕೊಡಿ. ಒಂದು ಕಲೆ ಇರಬಾರದು, ಒಂದು ನಿಮಿಷ ತಡ ಆಗಬಾರದು. ಸರಿಹೋದರೆ ಆಸ್ಪತ್ರೆ ಬಟ್ಟೆಯೆಲ್ಲ ಇನ್ನು ನಿಮಗೇ" ಎಂದಿದ್ದಳು. ವರ್ಷದಿಂದ ಅರ್ಧ ದಿನ ಬಾಯಿ ತೆರೆದುಕೊಂಡು ಸುಮ್ಮನೆ ನಿಲ್ಲುತ್ತಿದ್ದ ಎರಡನೆಯ ಮೆಷಿನ್ನನ್ನು ನೋಡಿ ನೋಡಿ ಹೆಂಡತಿಗೆ ಸಾಕಾಗಿತ್ತು. ಅವಳು ಮೂರು ದಿನ ಸೊಂಟ ನೆಟ್ಟಗೆ ಮಾಡಲಿಲ್ಲ. ಶೀಟುಗಳು ಎಷ್ಟು ಬೆಳ್ಳಗಾದವೆಂದರೆ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು, "ಇದರ ಮೇಲೆ ಮಲಗೋಕೆ ರೋಗಿಗಳಿಗೆ ಧೈರ್ಯ ಬರ್ಬೇಕಲ್ಲ" ಎಂದಳು.

ಇತ್ತ ಸಾರಥಿಗೆ ಅದೇ ವಾರ ಜ್ಞಾನೋದಯವಾಯಿತು. ಟೈರಿಗೆ ಗಾಳಿ ತುಂಬುವ ಅಂಗಡಿಯಲ್ಲಿ ಒಬ್ಬ ಲಾರಿಯವನು, "ಅರ್ಧ ಆಲೂಗಡ್ಡೆ ತಗೊಂಡು ಗಾಜಿಗೆ ಉಜ್ಜಿ ನೋಡಿ, ನೀರು ನಿಲ್ಲೋದೇ ಇಲ್ಲ" ಎಂದನಂತೆ. ಬೇರೆ ಯಾರಾದರೂ ಆಗಿದ್ದರೆ ಹೋಗಿ ಆಲೂಗಡ್ಡೆ ಉಜ್ಜುತ್ತಿದ್ದರು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಾರಥಿಯದು ಅಷ್ಟಕ್ಕೇ ನಿಲ್ಲುವ ತಲೆಯಲ್ಲ. ಅವನು ದಾರಿಯುದ್ದಕ್ಕೂ ಯೋಚಿಸಿದ. ಹೆಂಡತಿ ಬಟ್ಟೆಗೆ ಹಾಕುವ ಗಂಜಿ ಯಾವುದರದು? ಆಲೂಗಡ್ಡೆ ಹಿಟ್ಟಿನದು. ಅರ್ಧ ಆಲೂಗಡ್ಡೆಗೇ ಇಷ್ಟು ಶಕ್ತಿ ಇರಬೇಕಾದರೆ, ಆಲೂಗಡ್ಡೆಯ ಸಾರವನ್ನೆಲ್ಲ ಬಟ್ಟಿ ಇಳಿಸಿಟ್ಟಂತಿರುವ ಬಕೆಟ್ ಗಂಜಿಗೆ ಎಷ್ಟು ಶಕ್ತಿ ಇರಬೇಡ?

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು, ಗೋಡೆಗೆ ಬಣ್ಣ ಬಳಿಯುವ ಬ್ರಶ್ಶು ಹಿಡಿದು, ಪಿಕಪ್ಪಿನ ಗಾಜಿಗೆ ಗಟ್ಟಿ ಗಂಜಿಯನ್ನು ಒಂದರ ಮೇಲೊಂದು ಮೂರು ಪದರ ಬಳಿದ. ಬಳಿದದ್ದು ತನ್ನ ಕಡೆಯ ಅರ್ಧಕ್ಕೆ ಮಾತ್ರ. ಪಕ್ಕದ ಸೀಟಿನವರಿಗೆ ರಸ್ತೆಯಲ್ಲಿ ಏನು ಕೆಲಸ? ಒಣಗಿದ ಮೇಲೆ ಒಳಗೆ ಕುಳಿತು ನೋಡಿದರೆ ಎದುರಿನ ಮನೆ ತುಸು ಮಸುಕಾಗಿ ಕಂಡಿತು. ಮುಂಜಾವಿನ ಮಂಜು ಎಂದುಕೊಂಡ.

"ಗಂಜಿ ಯಾಕೆ ಇಷ್ಟು ಕಮ್ಮಿ ಆಗಿದೆ?" ಎಂದು ಹೆಂಡತಿ ಬಕೆಟ್ಟಿಗೆ ಬಗ್ಗಿ ನೋಡಿದಳು.

"ನಿನ್ನ ಗಂಡ ಬೆಳಿಗ್ಗೆ ಇಷ್ಟಗಲದ ಬ್ರಶ್ ಹಿಡ್ಕೊಂಡು ಓಡಾಡ್ತಿದ್ದ" ಎಂದಳು ಅತ್ತೆ. "ಹಲ್ಲುಜ್ಜೋಕೆ ಅಂದ್ಕೊಂಡೆ. ಆದ್ರೆ ಅಷ್ಟು ದೊಡ್ಡ ಬಾಯಿ ಇವನಿಗೆ ಮಾತಾಡೋವಾಗ ಮಾತ್ರ ಇರೋದು."

ಸಾರಥಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೀಲಿಕೈಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತ ಹೊಸ್ತಿಲಲ್ಲಿ ನಿಂತು ಘೋಷಿಸಿದ: "ಇವತ್ತು ಎಂಥ ಕೆಸರಾದ್ರೂ ರಾಚ್ಲಿ. ನಾನು ಮೂರು ಎಣಿಸೋದ್ರೊಳಗೆ ಗಾಜು ತಿಳಿ ಆಗ್ಲಿಲ್ಲ ಅಂದ್ರೆ, ಈ ಕೀಲಿಕೈ ನಿನ್ನ ಕೈಗೆ."

"ಅತ್ತೆ, ಕೇಳಿಸ್ಕೊಂಡ್ರಾ?"

"ಕೇಳಿಸ್ತಮ್ಮ. ನನಗೆ ಕಿವಿ ಕೇಳಿಸದೇ ಇರೋದು ಇವನು ಟೀ ಕೇಳಿದಾಗ ಮಾತ್ರ."

ಹೆಂಡತಿ ತಗಡಿನ ಡಬ್ಬಿಯಿಂದ ಕಾರ್ಡು ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಬಿಸಿನೀರಿನ ಫ್ಲಾಸ್ಕನ್ನೂ ಇಟ್ಟುಕೊಂಡಳು. ಮೆಷಿನ್ನಿನ ಹಬೆಯಲ್ಲಿ ದುಡಿಯುವ ಅವಳ ಗಂಟಲಿಗೆ ಅದು ಸದಾ ಬೇಕು. ಹಿಂದೆ ಹೋಗಿ ಶೀಟಿನ ಗಂಟುಗಳ ಮೇಲೆ ಟಾರ್ಪಾಲು ಎಳೆದು, ಗಂಡ ಕಟ್ಟಿದ್ದ ಹಗ್ಗ ಬಿಚ್ಚಿ ತಾನು ಮತ್ತೆ ಕಟ್ಟಿದಳು.

ಅರ್ಧ ದಾರಿ ಏನೂ ಆಗಲಿಲ್ಲ. ರಾತ್ರಿಯ ಮಳೆ ನಿಂತಿತ್ತು, ಗುಂಡಿಗಳು ತುಂಬಿದ್ದವು. ಸಾರಥಿ ಒಂದೊಂದು ಗುಂಡಿಯನ್ನೂ ಆಸೆಯಿಂದ ನೋಡುತ್ತ ಹೋದ. ಕೆಸರಿಗಾಗಿ ಹೀಗೆ ಹಂಬಲಿಸಿದ ಡ್ರೈವರನ್ನು ಆ ರಸ್ತೆ ಅದುವರೆಗೆ ಕಂಡಿರಲಿಲ್ಲ. ಕೊನೆಗೆ ಸಿಮೆಂಟ್ ಗೋದಾಮಿನ ಮುಂದೆ ರಸ್ತೆಯ ಅಗಲಕ್ಕೂ ಹಬ್ಬಿದ ಒಂದು ಗುಂಡಿ. ಎದುರಿನಿಂದ ಒಂದು ಬಸ್ಸು, ಯಾರಿಗೂ ಕಾಯದ ವೇಗದಲ್ಲಿ.

ಧಡ್ ಎಂದು ಕೆಸರಿನ ಗೋಡೆಯೊಂದು ಎದ್ದು ಬಂದು ಗಾಜಿಗೆ ಅಪ್ಪಳಿಸಿತು.

"ಒಂದು" ಎಂದ ಸಾರಥಿ, ಗಂಭೀರವಾಗಿ.

ಗಾಜು ತಿಳಿಯಾಗಲಿಲ್ಲ. ನೆನೆದ ಗಂಜಿ ಉಬ್ಬಿತು. ಕೆಸರನ್ನು ಬಹಳ ದಿನ ಕಾಣದ ನೆಂಟನಂತೆ ತಬ್ಬಿಕೊಂಡಿತು. ಸಾರಥಿಯ ಕೈ ತನ್ನ ಶಾಸ್ತ್ರಕ್ಕೇ ತಿಳಿಯದಂತೆ ಮೆಲ್ಲಗೆ ಸರಿದು ವೈಪರಿನ ಗುಂಡಿ ಒತ್ತಿತು. ಎರಡು ವೈಪರುಗಳೂ ಎದ್ದವು. ಹೆಂಡತಿಯ ಕಡೆಯದು ಎರಡೇ ಬೀಸಿಗೆ ಗಾಜನ್ನು ಕನ್ನಡಿ ಮಾಡಿತು. ಗಂಡನ ಕಡೆಯದು ಗಾರೆ ಕೆಲಸದವನ ಕರಣೆಯ ಹಾಗೆ ಕೆಸರುಗಂಜಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಸಂದು ಬಿಡದೆ ನುಣ್ಣಗೆ ಮೆತ್ತಿತು.

ಹೆಂಡತಿಗೆ ಎಲ್ಲ ಕಾಣುತ್ತಿತ್ತು. ರಸ್ತೆ ಮುಂದೆ ಎಡಕ್ಕೆ ಹೊರಳಿತ್ತು. ನೇರ ಹೋದರೆ ಕಟ್ಟುತ್ತಿರುವ ಮನೆಯೊಂದರ ಮುಂದೆ ಆಳೆತ್ತರದ ಮರಳು ರಾಶಿ. ಅವಳು ಬಾಯಿ ತೆರೆದಳು.

ಸಾರಥಿ ಒಂದು ಕೈ ಎತ್ತಿದ. "ಶ್. ಎಣಿಕೆ."

ಅವಳು ಅವನ ಮುಖ ನೋಡಿದಳು. ಮರಳು ರಾಶಿ ನೋಡಿದಳು. ಗಾಡಿಯ ವೇಗ ಎತ್ತಿನಗಾಡಿಯಷ್ಟಕ್ಕೆ ಇಳಿದಿತ್ತು, ಮರಳು ಮೆತ್ತಗಿತ್ತು, ಸುತ್ತ ಯಾರೂ ಇರಲಿಲ್ಲ. ಅವಳು ಬಾಯಿ ಮುಚ್ಚಿದಳು. ಕೈಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡಳು.

"ಎರ... ಡು" ಎಂದು ಸಾರಥಿ ಎಳೆದ. ಗಾಜು ತಿಳಿಯಾಗಲಿ ಎಂದು ಎರಡನ್ನು ಎಷ್ಟು ಎಳೆಯಲು ಸಾಧ್ಯವೋ ಅಷ್ಟು ಎಳೆದ. ಪಿಕಪ್ಪು ಮೂಗು ಮೇಲೆತ್ತಿತು, ದಿಂಬಿಗೆ ತಲೆಯಿಟ್ಟಂತೆ ಮರಳಿಗೆ ಒರಗಿತು, ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಮೂರು" ಎಂದಳು ಹೆಂಡತಿ.

ಗಂಟೆ ಒಂಬತ್ತೂ ಮುಕ್ಕಾಲು ಆಗಲು ಐದು ನಿಮಿಷವಿತ್ತು. ಸಾರಥಿ ಕೆಳಗೆ ಜಿಗಿದು ಬಿಳಿ ಅಂಗಿಯ ತೋಳಿನಿಂದ ಗಾಜನ್ನು ಉಜ್ಜಿದ. ತೋಳು ಗಾಜಿಗೆ ಅಂಟಿತು, ಗಾಜು ತೋಳಿಗೆ ಅಂಟಿತು. "ಇದೇನು ಬಸ್ಸಿನವನು ಸಿಮೆಂಟ್ ಹಾರಿಸ್ದನಾ" ಎಂದು ಗೋದಾಮಿನ ಕಡೆ ಅನುಮಾನದಿಂದ ನೋಡಿದ.

ಹೆಂಡತಿ ಇಳಿದು ಬಂದು ಗಾಜಿನ ಮೇಲೆ ಬೆರಳಾಡಿಸಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದನ್ನು ಹೊಸೆದು ನೋಡಿದಳು. ಹದಿನೈದು ವರ್ಷದ ಅನುಭವ ಮಾತಾಡಿತು.

"ಗಂಜಿ."

ಸಾರಥಿ ಮರಳನ್ನು ನೋಡತೊಡಗಿದ.

"ಗಟ್ಟಿ ಗಂಜಿ. ಕಾಲರಿಗೆ ಹಾಕೋದು. ಎಷ್ಟು ಪದರ?"

"ಮೂರು... ಆಲೂಗಡ್ಡೇಲೂ ಅದೇ ತಾನೇ ಇರೋದು..."

"ಹೌದು. ಇನ್ನು ಇಸ್ತ್ರಿ ಒಂದು ಬಾಕಿ ಇದೆ ನೋಡಿ."

ಅಷ್ಟರಲ್ಲಿ ಮತ್ತೊಂದು ಬಸ್ಸು ಅದೇ ಗುಂಡಿಯನ್ನು ಹಾಯ್ದುಹೋಯಿತು. ಗುಂಡಿಯಲ್ಲಿ ಉಳಿದದ್ದೆಲ್ಲ ಸಾರಥಿಯ ಬೆನ್ನಿನಿಂದ ಹಿಡಿದು ನೆತ್ತಿಯವರೆಗೆ ಬಂದು ಕೂತಿತು. ಈ ಸಲ ಅವನು ಎಣಿಸಲಿಲ್ಲ. ಹೆಂಡತಿ ಗಾಡಿಯ ಮರೆಯಲ್ಲಿದ್ದಳು. ಅವಳ ಮೇಲೆ ಒಂದು ಹನಿ ಬೀಳಲಿಲ್ಲ.

"ಗಂಜಿ ಬಿಡೋದು ಬಿಸಿನೀರಿಗೆ" ಎಂದು ಅವಳು ಫ್ಲಾಸ್ಕು ತೆರೆದು, ಗಾಜಿನ ಮೇಲೆ ಸ್ವಲ್ಪ ಸ್ವಲ್ಪವೇ ಹನಿಸಿದಳು. ಆಮೇಲೆ ಕೈಚೀಲದಿಂದ ಲೈಸೆನ್ಸು ತೆಗೆದು, ಅದರ ಅಂಚಿನಿಂದ ಮೇಲಿನಿಂದ ಕೆಳಗೆ ಎಳೆದಳು. ಕೆಸರುಗಂಜಿ ಒಣಗಿದ ಬಣ್ಣದಂತೆ ಪಟ್ಟೆ ಪಟ್ಟೆಯಾಗಿ ಸುರುಳಿ ಸುತ್ತಿ ಬಿತ್ತು. ಆರು ತಿಂಗಳಲ್ಲಿ ಆ ಕಾರ್ಡಿಗೆ ಅದೇ ಮೊದಲ ಕೆಲಸ. ಕಾರ್ಡು ಒರೆಸಿ ಒಳಗಿಟ್ಟು ಅವಳು ಅಂಗೈ ಚಾಚಿದಳು.

"ಕೀಲಿಕೈ."

"ಒಂದು ವಿಷಯ ಇದೆ" ಎಂದ ಸಾರಥಿ, ಹುಬ್ಬಿನಿಂದ ಕೆಸರು ಜಾರುತ್ತಿದ್ದರೂ ಕಾನೂನು ಬಿಡದೆ. "ಮೂರು ಅಂತ ಹೇಳಿದ್ದು ನೀನು. ಶಾಸ್ತ್ರದ ಪ್ರಕಾರ ನಾನಿನ್ನೂ ಎರಡರಲ್ಲೇ ಇದ್ದೀನಿ."

"ಹಾಗಾದ್ರೆ ಇಲ್ಲೇ ನಿಂತು ಮುಗಿಸ್ಕೊಂಡು ನಡ್ಕೊಂಡು ಬನ್ನಿ. ಶೀಟುಗಳು ಹತ್ತಕ್ಕೆ ಅಲ್ಲಿರ್ಬೇಕು."

ಕೀಲಿಕೈ ಕೊಟ್ಟ. ಅವಳು ರಿವರ್ಸ್ ಹಾಕಿ, ಒಮ್ಮೆ ಹಿಂದೆ ಒಮ್ಮೆ ಮುಂದೆ ತೂಗಿ, ಮರಳಿನಿಂದ ಗಾಡಿಯನ್ನು ಬಿಡಿಸಿಕೊಂಡಳು. ಸಾರಥಿ ಓಡಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ. ಆಸ್ಪತ್ರೆಯ ತಿರುವಿನಲ್ಲಿ ಒಂದು ಲಾರಿ ಮತ್ತೊಂದು ಗುಂಡಿಗೆ ಇಳಿಯಿತು; ಕೆಸರು ಗಾಜಿಗೆ ರಾಚಿತು. ಅವಳು ಕಾಲು ಸಡಿಲ ಬಿಟ್ಟಳು, ವೈಪರ್ ಹಾಕಿದಳು, ಮುಂದೆ ಹೋದಳು. ಸಾರಥಿ ಆಗಿನ್ನೂ "ಒಂ" ಎಂಬಲ್ಲಿದ್ದ.

ಹತ್ತಕ್ಕೆ ಎರಡು ನಿಮಿಷವಿರುವಾಗ ಗಾಡಿ ನಿಂತಿತು. ದೊಡ್ಡ ನರ್ಸಮ್ಮ ಕನ್ನಡಕ ಏರಿಸಿ ಒಂದೊಂದು ಗಂಟನ್ನೂ ಬಿಚ್ಚಿ, ಅಂಚು, ನಡು, ಮೂಲೆ ಎಲ್ಲ ನೋಡಿದಳು. ನೂರಿಪ್ಪತ್ತರಲ್ಲಿ ಒಂದು ಚುಕ್ಕೆ ಸಿಗಲಿಲ್ಲ. ತಲೆಯೆತ್ತಿದಾಗ ಬಾಗಿಲಲ್ಲಿ ನಿಂತ ಸಾರಥಿ ಕಣ್ಣಿಗೆ ಬಿದ್ದ. ಒಣಗುತ್ತಿದ್ದ ಗಂಜಿಗೆ ಅವನ ತೋಳುಗಳು ಸೆಟೆದು ಅರ್ಧ ಮೇಲೆದ್ದು ನಿಂತಿದ್ದವು.

"ಇದು? ಇದೂ ಒಗೆಯೋಕೆ ಕೊಟ್ಟಿದ್ದಾ ನಾವು?"

"ಇಲ್ಲ ಮೇಡಂ, ಅದು ನಮ್ಮನೇದು" ಎಂದಳು ಹೆಂಡತಿ. "ಮನೇಲೇ ಒಗೀತೀವಿ."

ನರ್ಸಮ್ಮ ನಗಲಿಲ್ಲ, ಅವಳದು ನಗುವ ಹುದ್ದೆಯಲ್ಲ. "ಸೋಮವಾರದಿಂದ ದಿನಾ ಬನ್ನಿ. ಗಾಡಿ ಓಡಿಸೋರು ನೀವೇ ತಾನೇ?"

ಹೆಂಡತಿ ಗಂಡನ ಕಡೆ ನೋಡಿದಳು. ಗಂಡ ಗೋಡೆಯ ಮೇಲಿನ "ನಿಶ್ಶಬ್ದ" ಎಂಬ ಫಲಕವನ್ನು ಓದುತ್ತಿದ್ದ.

"ಹೌದು, ನಾನೇ" ಎಂದಳು.

ಹಿಂದಿರುಗುವಾಗ ಮೊದಲ ಮೈಲು ಸಾರಥಿ ತಡೆದುಕೊಂಡ. ಎರಡನೆಯ ಮೈಲಿಗೆ ಅವನ ಕಾಲುಗಳು ಇಲ್ಲದ ಬ್ರೇಕು ತುಳಿಯತೊಡಗಿದವು. ಮೂರನೆಯದರಲ್ಲಿ, "ಅಲ್ಲಿ ಸ್ವಲ್ಪ ಕ್ಲಚ್ಚು..." ಎಂದು ಶುರುಮಾಡಿದ.

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಬೆರಳೆತ್ತಿದಳು. "ಶ್. ಎಣಿಕೆ. ಒಂದು."

ಶಾಸ್ತ್ರ ಅವನದೇ. ಮೀರುವುದು ಹೇಗೆ? ತುಟಿ ಕಚ್ಚಿಕೊಂಡು ಕುಳಿತ. ಸಿಮೆಂಟ್ ಗೋದಾಮು ದಾಟುವಾಗ, ಮರಳು ರಾಶಿಯಲ್ಲಿ ತಮ್ಮ ಗಾಡಿಯ ಮೂಗಿನ ಅಚ್ಚು ಕಂಡಾಗ, ಅವಳು "ಎರಡು" ಎಂದಳು. ಆಮೇಲೆ ಮನೆಯವರೆಗೂ ಏನೂ ಹೇಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಾಯಿ, ಬಲಗಡೆಯಿಂದ ಸೊಸೆ ಇಳಿದದ್ದನ್ನೂ ಎಡಗಡೆಯಿಂದ ಮಗನ ಆಕಾರದ ಕೆಸರು ಇಳಿದದ್ದನ್ನೂ ನೋಡಿದಳು.

"ಏನಾಯ್ತೋ?"

ಸಾರಥಿ ಬಾಯಿ ತೆರೆದ. ಹೆಂಡತಿಯ ಬೆರಳು ನೋಡಿದ. ಮುಚ್ಚಿದ.

"ಯಾಕೆ ಇವನಿಗೆ ಮಾತು ನಿಂತುಹೋಗಿದೆ?"

"ಎಣಿಕೆ ನಡೀತಿದೆ ಅತ್ತೆ. ಎರಡಾಗಿದೆ."

"ಹಾಗಾದ್ರೆ ಮೂರು ಯಾವಾಗ?"

ಸೊಸೆ ಒಳಗೆ ಹೋಗಿ, ಕೀಲಿಕೈಯನ್ನು ಲೈಸೆನ್ಸಿನ ಜೊತೆಗೆ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಈಗ ಮಳೆಗಾಲ ಅಲ್ವಾ ಅತ್ತೆ. ಬೇಸಿಗೇಲಿ ನೋಡೋಣ."

ಅತ್ತೆ ಸೂಜಿಗೆ ದಾರ ಪೋಣಿಸಿಕೊಂಡು, ಮಗನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿದಳು.

"ಬೇಸಿಗೇಲಿ ಬೇಡಮ್ಮ" ಎಂದಳು. "ಆಗ ಧೂಳಿರುತ್ತೆ."